ಯಾವುದು ಕಲೆ, ಯಾವುದು ಬಟ್ಟೆ

"ಇಸ್ತ್ರಿಪೆಟ್ಟಿಗೆ ಸ್ವಲ್ಪ ಪಕ್ಕಕ್ಕಿಡು ಅತ್ತೆ, ಹೊಗೆ ಕ್ಯಾಮೆರಾಗೆ ಅಡ್ಡ ಬರ್ತಿದೆ," ಎಂದಳು ಚುಕ್ಕಿ.

"ಹೊಗೆಯಲ್ಲ, ಹಬೆ," ಎಂದು ಅತ್ತೆ ತಿದ್ದಿದಳು. "ಈ ಕಾಲರ್ ಈಗ ಬಿಟ್ರೆ ಆಮೇಲೆ ಮಾತು ಕೇಳಲ್ಲ. ನೀನು ಕೇಳೋದು ಕೇಳು, ಕೈ ತನ್ನ ಪಾಡಿಗೆ ಕೆಲಸ ಮಾಡ್ತಿರುತ್ತೆ."

ಬೀದಿಯ ತಿರುವಿನಲ್ಲಿದ್ದ ಅತ್ತೆಯ ಆ ಲಾಂಡ್ರಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲ ಹೊರಗೇ ನಿಲ್ಲಬೇಕು. ಒಗೆಯುವ ಯಂತ್ರ ಎರಡು, ಇಸ್ತ್ರಿ ಮೇಜು ಒಂದು, ಗೋಡೆಗೆ ಸಾಲಾಗಿ ತೂಗಿದ ಅಂಗಿಗಳು, ಪ್ರತಿಯೊಂದಕ್ಕೂ ಪಿನ್ನಿನಲ್ಲಿ ಸಿಕ್ಕಿಸಿದ ನಂಬರಿನ ಚೀಟಿ. ಚುಕ್ಕಿಯ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿ ಮುಗಿಯುವವರೆಗೆ ಚುಕ್ಕಿ ಇದೇ ಕೌಂಟರಿನ ಹಿಂದೆ ಕೂತು ಶಾಲೆಯ ಪಾಠ ಬರೆದು ಬೆಳೆದವಳು. "ಇವತ್ತೇನು ಹೇಳ್ಕೊಟ್ರು?" ಎಂದು ಅತ್ತೆ ದಿನಾ ಕೇಳುತ್ತಿದ್ದಳು. ಕೇಳಿ ಸುಮ್ಮನಾಗುವವರ ಪೈಕಿಯಲ್ಲ. ಭೂಮಿ ತಿರುಗುತ್ತಿದ್ದರೆ ಬಕೆಟ್ಟಿನ ನೀರು ಯಾಕೆ ತುಳುಕುವುದಿಲ್ಲ, ಬೇರು ನೀರು ಹೀರುವುದಾದರೆ ಮೇಲಕ್ಕೆ ಎಳೆಯುವವರು ಯಾರು ಎಂದು ಅವಳು ತಲೆ ತಿನ್ನುತ್ತಿದ್ದಳು. ಉತ್ತರ ಗೊತ್ತಿಲ್ಲದ ದಿನ ಚುಕ್ಕಿ ಮರುದಿನ ಟೀಚರ್ ಬೆನ್ನು ಬೀಳುತ್ತಿದ್ದಳು.

ಈಗ ಚುಕ್ಕಿ ಕಾಲೇಜಿನ ಮೂರನೇ ವರ್ಷದಲ್ಲಿದ್ದಳು. ಅವಳೂ ಐದು ಮಂದಿ ಗೆಳೆಯರೂ ಸೇರಿ ಒಂದು ಸೂಕ್ಷ್ಮಜೀವಿಯೊಳಗೆ ಹೊಸ ಜೀನ್ ಸೇರಿಸಿ, ತಣ್ಣೀರಲ್ಲೇ ಕಲೆ ಕರಗಿಸುವ ಕಿಣ್ವವೊಂದನ್ನು ಅದರಿಂದ ಮಾಡಿಸಿದ್ದರು. ಅಂತರ ಕಾಲೇಜು ಸ್ಪರ್ಧೆಗೆ ಹೋಗಬೇಕಿತ್ತು. ಪ್ರಯೋಗ ಮಾಡಿದರಷ್ಟೇ ಸಾಲದು, ಈ ಸಿಂಥೆಟಿಕ್ ಬಯಾಲಜಿ ಎಂದರೇನೆಂದು ಜನರಿಗೂ ತಿಳಿಸಿ ಹೇಳಬೇಕು, ಅದಕ್ಕೂ ಅಂಕಗಳಿವೆ ಎಂಬುದು ನಿಯಮ. ಅದಕ್ಕಾಗಿಯೇ ಈ ಕ್ಯಾಮೆರಾ.

ಚುಕ್ಕಿ ತನ್ನ ಕಿಣ್ವದ ಕಥೆಯನ್ನು ಆದಷ್ಟು ಸರಳವಾಗಿ ಹೇಳಿದಳು. ರಕ್ತ, ಹಾಲು, ಮೊಟ್ಟೆ, ಯಾವ ಕಲೆಯಾದರೂ ಅದು ತಿಂದು ಹಾಕುತ್ತದೆ ಎಂದಳು.

ಅತ್ತೆಯ ಕೈ ಮೊದಲ ಬಾರಿಗೆ ನಿಂತಿತು. "ಹಾಗಾದ್ರೆ ಅದು ಬಟ್ಟೆನೂ ತಿಂದುಬಿಡುತ್ತಲ್ಲ ಚುಕ್ಕಿ?"

ಅತ್ತೆ ಆಮೇಲೂ ಮಾತಾಡುತ್ತಲೇ ಇದ್ದಳು. ಉಣ್ಣೆ, ಶಾಲು ಎಂದೇನೋ ಕಿವಿಗೆ ಬಿತ್ತು. ಚುಕ್ಕಿಯ ಕಣ್ಣು ಕ್ಯಾಮೆರಾದ ಬ್ಯಾಟರಿಯ ಮೇಲಿತ್ತು. ಅದು ಕೊನೆಯ ಗೆರೆಗೆ ಇಳಿದಿತ್ತು.

ತಂಡದ ಮುಖಂಡನನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಜನರ ತಪ್ಪು ತಿಳುವಳಿಕೆಗಳನ್ನು ಒಂದೊಂದಾಗಿ ತೋರಿಸಿ, ಪ್ರತಿಯೊಂದರ ನಂತರ ಹಣೆ ಚಚ್ಚಿಕೊಳ್ಳುವ ಬೊಂಬೆ ಬ್ಯಾಕ್ಟೀರಿಯಾ ಬಂದು ಸರಿ ಉತ್ತರ ಹೇಳಬೇಕು ಎನ್ನುವುದು ಅವನ ಉಪಾಯ. ಅತ್ತೆಯ ತುಣುಕು ನೋಡಿದವನೇ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕ.

"ಇಲ್ಲಿಗೆ ನಿಲ್ಸು. 'ಬಟ್ಟೆನೂ ತಿಂದುಬಿಡುತ್ತಲ್ಲ', ಅಷ್ಟೇ. ನಿಮ್ಮತ್ತೆ ಮುಖ ನೋಡು, ಎಷ್ಟು ಸೀರಿಯಸ್ಸಾಗಿದಾರೆ."

"ಆಮೇಲೆ ಇನ್ನೂ ಏನೋ ಹೇಳ್ತಾಳೆ."

"ನಾಲ್ಕು ನಿಮಿಷ ಹೇಳ್ತಾರೆ. ನಮ್ಮ ವಿಡಿಯೋನೇ ಮೂರು ನಿಮಿಷ."

ಕತ್ತರಿಸುವ ಕೆಲಸ ಚುಕ್ಕಿಯದೇ ಆಗಿತ್ತು. ಒಂದು ಕ್ಷಣ ಬೆರಳು ತಡೆದು ನಿಂತಿತು. ಎಲ್ಲರೂ ಪರದೆಯತ್ತ ಬಾಗಿ ಕಾಯುತ್ತಿದ್ದರು. ಅವಳು ಕತ್ತರಿಸಿದಳು.

ಗ್ರಂಥಾಲಯದ ಸಭಾಂಗಣದಲ್ಲಿ ವಿಡಿಯೋದ ಪ್ರದರ್ಶನವಿತ್ತು. ಅತ್ತೆ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಬಂದು ಮೂರನೇ ಸಾಲಿನಲ್ಲಿ ಕೂತಿದ್ದಳು. ಪಕ್ಕದವರಿಗೆ ಏನೋ ಹೇಳಿ ವೇದಿಕೆಯ ಕಡೆ ಕೈ ತೋರಿಸುತ್ತಿದ್ದಳು. ನಮ್ಮ ಹುಡುಗಿ ಎಂದಿರಬೇಕು. ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ತನ್ನ ಮುಖ ಮೂಡಿದಾಗ ಅವಳು ನೆಟ್ಟಗೆ ಕೂತಳು. ಒಂದು ವಾಕ್ಯ. ಬೊಂಬೆ ಹಣೆ ಚಚ್ಚಿಕೊಂಡಿತು. ಸಭಾಂಗಣ ಗೊಳ್ಳೆಂದು ನಕ್ಕಿತು.

ಬದಿಯಲ್ಲಿ ನಿಂತಿದ್ದ ಚುಕ್ಕಿಗೆ ಅತ್ತೆಯ ಅರ್ಧ ಮುಖವಷ್ಟೇ ಕಂಡಿತು. ಮುಂದಿನ ಮಾತಿಗಾಗಿ ಅತ್ತೆ ಇನ್ನೂ ಕಾಯುತ್ತಿದ್ದಳು. ಪರದೆಯ ಮೇಲೆ ಬೇರೆ ಯಾರೋ ಬಂದು ಹೋದ ಮೇಲೆ ಅವಳ ಬೆನ್ನು ನಿಧಾನವಾಗಿ ಕುರ್ಚಿಗೆ ಒರಗಿತು. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳೂ ತಟ್ಟಿದಳು, ಸ್ವಲ್ಪ ತಡವಾಗಿ.

"ಚೆನ್ನಾಗಿತ್ತು," ಎಂದಳು ಬಾಗಿಲಲ್ಲಿ. "ನನ್ನ ಮುಖಾನ ನಾನೇ ಅಷ್ಟು ದೊಡ್ಡದಾಗಿ ನೋಡಿರ್ಲಿಲ್ಲ."

"ಪೂರ್ತಿ ಹಾಕೋಕೆ ಟೈಮ್ ಇರ್ಲಿಲ್ಲ ಅತ್ತೆ."

"ಇರ್ಲಿ ಬಿಡು. ನಾನೂ ಬಾಯಿಗೆ ಬಂದದ್ದೆಲ್ಲ ಮಾತಾಡಿಬಿಟ್ಟೆ."

ಸ್ಪರ್ಧೆಯ ದಿನ ಮೂವರು ತೀರ್ಪುಗಾರರಿದ್ದರು. ವಿಡಿಯೋ ನೋಡಿ ಇಬ್ಬರು ನಕ್ಕರು. ಮೂರನೆಯವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತಿದ್ದ ವಯಸ್ಸಾದ ವಿಜ್ಞಾನಿ.

"ನಿಮ್ಮ ಕಿಣ್ವ ಪ್ರೋಟೀನ್ ಒಡೆಯುತ್ತೆ. ಉಣ್ಣೆ, ರೇಷ್ಮೆ ಕೂಡ ಪ್ರೋಟೀನೇ ಅಲ್ವಾ? ಅವುಗಳ ಮೇಲೆ ಪರೀಕ್ಷೆ ಮಾಡಿದ್ರಾ?" ಎಂದು ಆಕೆ ಕೇಳಿದರು.

ಕ್ಯಾಪ್ಟನ್ ಹತ್ತಿ ಬಟ್ಟೆಯ ಫಲಿತಾಂಶಗಳನ್ನು ಮತ್ತೊಮ್ಮೆ ತೋರಿಸಿದ.

"ಅದು ನೋಡಿದೆ. ಇಷ್ಟೊಂದು ಜನರ ಹತ್ರ ಮಾತಾಡಿದೀರಿ. ಅವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಬರ್ಲಿಲ್ವಾ?"

ಜನಸಂಪರ್ಕದ ಭಾಗಕ್ಕೆ ಉತ್ತರಿಸಬೇಕಾದವಳು ಚುಕ್ಕಿ. ಬಂತು, ನಮ್ಮತ್ತೆ ಕೇಳಿದಳು, ನಾವು ಈಗ ತೋರಿಸಿ ನಗಿಸಿದೆವಲ್ಲ ಅವಳೇ ಎನ್ನಬೇಕು. ಕ್ಯಾಪ್ಟನ್ ಅವಳತ್ತ ನೋಡುತ್ತಿದ್ದ.

"ಇಲ್ಲ ಮೇಡಂ," ಎಂದಳು. "ಯಾರೂ ಕೇಳ್ಲಿಲ್ಲ."

ಜನರಿಗೆ ವಿಜ್ಞಾನ ತಲುಪಿಸಿದ್ದಕ್ಕೆ ಅವರ ತಂಡಕ್ಕೆ ವಿಶೇಷ ಬಹುಮಾನ ಬಂತು.

ಮರುದಿನ ಚುಕ್ಕಿ ಕಾಲೇಜಿನ ಮೆಟ್ಟಿಲ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾನು ಕತ್ತರಿಸಿದ್ದ ಆ ನಾಲ್ಕು ನಿಮಿಷ ಕೇಳಿದಳು.

"ಹತ್ತಿ ಬಟ್ಟೆನ ಅದು ಮುಟ್ಟಲ್ಲ, ಗೊತ್ತು. ಉಣ್ಣೆನ ಬಿಡಲ್ಲ. ಕಲೆ ತಿನ್ನೋ ಹೊಸ ಪುಡಿ ಬಂದಾಗ ಒಂದು ಶಾಲು ಇಡೀ ದಿನ ನೆನೆಹಾಕಿದ್ದೆ. ಎತ್ತಿದ್ರೆ ಬೆರಳಿಟ್ಟಲ್ಲಿ ಹರೀತು. ತೀರಿಕೊಂಡ ಗಂಡನದಂತೆ ಅದು. ಆಯಮ್ಮ ಬೈಯಲೂ ಇಲ್ಲ, ಹಾಗೇ ಸುತ್ಕೊಂಡು ಎದೆಗೆ ಹಿಡ್ಕೊಂಡು ಹೋದ್ಳು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಅವತ್ತಿಂದ ಉಣ್ಣೆ, ರೇಷ್ಮೆ ಬೇರೆ ನೀರಲ್ಲಿ, ಬರೀ ಸೋಪಲ್ಲಿ. ನನಗಾದ್ರೆ ಕಣ್ಣಿದೆ, ತಪ್ಪಿದ ಮೇಲಾದ್ರೂ ಗೊತ್ತಾಗುತ್ತೆ. ನೀವು ಮಾಡಿರೋದಕ್ಕೆ ಯಾವುದು ಕಲೆ, ಯಾವುದು ಬಟ್ಟೆ ಅಂತ ಯಾರು ಹೇಳ್ಕೊಡ್ತಾರೆ? ಹೇಳು ಚುಕ್ಕಿ, ನಿಜವಾಗ್ಲೂ ಕೇಳ್ತಿದೀನಿ."

ಧ್ವನಿಮುದ್ರಣದಲ್ಲಿ ಆಮೇಲೆ ಕೇಳಿಸಿದ್ದು ಚುಕ್ಕಿಯದೇ ದನಿ. "ಆಯ್ತು ಅತ್ತೆ, ಇಷ್ಟು ಸಾಕು."

ಭಾನುವಾರ ಅವಳು ಲಾಂಡ್ರಿಗೆ ಹೋದಳು. ಅತ್ತೆ ಹೋಟೆಲಿನವರ ಬೆಡ್‌ಶೀಟುಗಳ ರಾಶಿಯ ಮುಂದೆ ನಿಂತಿದ್ದಳು. ಊಟ ಆಯ್ತಾ, ಅಮ್ಮನ ಕಾಲುನೋವು ಹೇಗಿದೆ ಎಂದು ವಿಚಾರಿಸಿದಳು. ಕಾಲೇಜಿನ ಸುದ್ದಿ ಎತ್ತಲಿಲ್ಲ.

"ಅತ್ತೆ, ನೀನು ಕೇಳಿದ್ದನ್ನೇ ಅಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಕೇಳಿದ್ರು."

"ನಾನೇನು ಕೇಳಿದ್ದೆ?"

"ಉಣ್ಣೆ ವಿಷಯ. ನೀನು ಹೇಳಿದ್ದು ಸರಿಯಾಗಿತ್ತು. ನಾನೇ... ನಾನೇ ಕತ್ತರಿಸಿದ್ದು. ಅವರು ಕೇಳಿದಾಗ್ಲೂ ನಿನ್ನ ಹೆಸರು ಹೇಳ್ಲಿಲ್ಲ."

ಅತ್ತೆ ರಾಶಿಯಿಂದ ಒಂದು ಶೀಟು ಎಳೆದುಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟನ್ನು ಎದುರಿಸಲು ಚುಕ್ಕಿ ದಾರಿಯುದ್ದಕ್ಕೂ ಸಿದ್ಧಳಾಗಿ ಬಂದಿದ್ದಳು.

"ಹೌದಾ," ಎಂದಳು ಅತ್ತೆ. "ಒಳ್ಳೇದಾಯ್ತು ಬಿಡು, ಓದಿದವರೇ ಕೇಳಿದ್ರಲ್ಲ."

"ಮುಂದಿನ ಸಲ ಉಣ್ಣೆ ಮೇಲೂ ಪರೀಕ್ಷೆ ಮಾಡ್ತೀವಿ. ಹೇಗೆ ಮಾಡೋದು ಅಂತ ಹೇಳ್ಲಾ?"

"ಮಾಡಿ, ಮಾಡಿ. ನನಗೇನು ಗೊತ್ತಾಗುತ್ತೆ ಅದೆಲ್ಲ."

ಚುಕ್ಕಿ ಕಾದಳು. ಅತ್ತೆ ಇನ್ನೇನೂ ಕೇಳಲಿಲ್ಲ. ಯಂತ್ರದೊಳಗೆ ಯಾರದೋ ಗುಂಡಿಯೊಂದು ಗಾಜಿಗೆ ಟಕಟಕ ಬಡಿಯುತ್ತಿತ್ತು. ಅತ್ತೆ ಶೀಟಿನ ಎರಡು ಮೂಲೆಗಳನ್ನು ಅವಳ ಕಡೆ ಚಾಚಿ, "ಹಿಡ್ಕೋ," ಎಂದಳು.

ಚುಕ್ಕಿ ಹಿಡಿದಳು. ಇಬ್ಬರೂ ಹಿಂದೆ ಸರಿದು ಬಟ್ಟೆಯನ್ನು ಬಿಗಿಯಾಗಿ ಎಳೆದರು, ಒಮ್ಮೆ ಕೊಡವಿದರು, ಮಡಿಸಿದರು. ಮತ್ತೆ ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿದಾಗ ಅತ್ತೆಯ ಬೆಚ್ಚಗಿನ, ಒರಟು ಬೆರಳು ಅವಳ ಬೆರಳಿಗೆ ತಾಗಿತು. ಅತ್ತೆ ಮಡಿಸಿದ ಶೀಟನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು, ಮುಂದಿನ ಶೀಟಿನ ಮೂಲೆ ಹುಡುಕತೊಡಗಿದಳು.