ಅಗಾತಾಳ ಎರಡು ಹಲ್ಲು

ತಾಯಿಯ ಗದ್ದಕ್ಕೆ ಕಟ್ಟಿದ ಬಟ್ಟೆಯನ್ನು ಲವಿನಾ ಎರಡನೇ ಸಲ ಬಿಗಿದಳು. ಅಗಾತಾಳ ಬಾಯಿ ಮುಚ್ಚಲೊಲ್ಲದು. ಮುಂದಿನ ಎರಡು ಹಲ್ಲಿಲ್ಲದ ಸಂದಿ ಎದ್ದು ಕಾಣುತ್ತಿತ್ತು. ಬದುಕಿದ್ದಾಗ ನಗುವುದಕ್ಕೂ ಕೈ ಅಡ್ಡ ಹಿಡಿಯುತ್ತಿದ್ದ ಹೆಂಗಸು, ಪಾಪ.

"ಬಚ್ಚಲಲ್ಲಿ ಜಾರಿ ಬಿದ್ದದ್ದು ಅಂತ ಅಮ್ಮ ಹೇಳ್ತಿದ್ರು."

ಈಗ ಇಲ್ಲೇ ಗಲ್ಫಿನಲ್ಲಿ ಮಗನ ಮನೆಯಲ್ಲಿದ್ದ ತಾಯಿಯ ಹಳೇ ಗೆಳತಿ ಮಗ್ದಲೀನ್ ತಲೆಯಾಡಿಸಿದಳು. "ಬಚ್ಚಲೂ ಇಲ್ಲ, ಎಂತದೂ ಇಲ್ಲ ಮಗಾ. ಜೈಲಲ್ಲಿ ಹೋದದ್ದು. ನಾನು ಪಕ್ಕದಲ್ಲೇ ಇದ್ದೆ."

ಲವಿನಾಳ ಫೋನು ನಡುಗಿತು. ಅವಳು ದುಡಿಯುವ ಹೋಟೆಲಿನ ಎಚ್‌ಆರ್ ಲೆಸ್ಲಿಯ ಮೆಸೇಜು: ಹೆಸರು ಇವತ್ತೇ ಬೇಕು.

ಕೆಲಸಗಾರರು ತಂಗುವ ಕ್ಯಾಂಪಿನ ಕಮಿಟಿಗೆ ಗಂಡಸರಷ್ಟೇ ಓಟು ಹಾಕುವುದೇಕೆ, ನಮಗೂ ಬೇಕು ಎಂದು ಮೊನ್ನೆ ಲಾಂಡ್ರಿಯ ಏಳು ಹೆಂಗಸರು ಇಸ್ತ್ರಿ ನಿಲ್ಲಿಸಿ ಕುಳಿತಿದ್ದರು. ಅವರು ಯಾರೆಂದು ಸೂಪರ್‌ವೈಸರ್ ಲವಿನಾಗೆ ಮಾತ್ರ ಗೊತ್ತು. ಪಟ್ಟಿ ಬರೆದಾಗಿತ್ತು, ಬ್ಯಾಗಿನಲ್ಲಿತ್ತು. ಕೊಟ್ಟರೆ ಅವರ ವೀಸಾ ಖಲಾಸ್, ಕೊಡದಿದ್ದರೆ ಇವಳದ್ದು.

*

ಆಗ ಮಂಗಳೂರಿನ ಗೇರುಬೀಜ ಕೆಲಸಗಾರರ ಸಂಘದಲ್ಲಿ ಬೀಜ ಸುಲಿದು ಬೆರಳು ಸುಟ್ಟುಕೊಳ್ಳುವವರು ಹೆಂಗಸರು, ಓಟು ಅವರ ಗಂಡಂದಿರದ್ದು. ಚುನಾವಣೆಯ ದಿನ ಇಪ್ಪತ್ತೆರಡರ ಅಗಾತಾ ಮತಪೆಟ್ಟಿಗೆಗೆ ಒಂದು ಬಾಟಲಿ ಶಾಯಿ ಸುರಿದಳು. ಜೊತೆಗಿದ್ದವರು ಓಡಿದರು. ಅವಳೂ ಮಗ್ದಲೀನಳೂ ಸಿಕ್ಕಿಬಿದ್ದರು.

ಜೈಲಿನಲ್ಲಿ ಅಗಾತಾ ಹಟ ಹಿಡಿದು ಅನ್ನ ಬಿಟ್ಟಳು. ಒಂಬತ್ತನೇ ದಿನ ಜೈಲಿನ ನಾಲ್ವರು ಕಾವಲುಗಾರರು ಅವಳನ್ನು ಅದುಮಿ ಹಿಡಿದು, ಬಾಯಿಗೆ ಸೌಟು ತುರುಕಿ ಗಂಜಿ ಹೊಯ್ದರು. ಗಂಜಿಯ ಜೊತೆ ಹಲ್ಲೆರಡು ಆಚೆ ಬಂದವು.

"ಓಡಿದವರ ಹೆಸರು ಹೇಳು. ನಾಳೆಯೇ ಬಿಡ್ತೇವೆ."

ಅಗಾತಾ ಹೇಳಲಿಲ್ಲ. ಮತ್ತೆ ಎರಡು ತಿಂಗಳು ಒಳಗಿದ್ದಳು.

*

ಜೆಬೆಲ್ ಅಲಿಯ ಸ್ಮಶಾನದಲ್ಲಿ ಬೆಳಗ್ಗೆಯೇ ಬಿಸಿಗಾಳಿ. ಪಾದ್ರಿಯ ಪ್ರಾರ್ಥನೆ ಮುಗಿಯುವುದನ್ನೇ ಕಾಯುತ್ತಿದ್ದ ಲೆಸ್ಲಿ ಹತ್ತಿರ ಬಂದ.

"ಅಮ್ಮ ಹೋದದ್ದು ಭಾರೀ ಬೇಜಾರಾಯ್ತು ಮಾರಾಯ್ತಿ. ಲಿಸ್ಟ್ ತಂದಿದ್ದೀರಲ್ಲ?"

"ತಂದಿದ್ದೇನೆ."

ಗುಂಡಿಯ ಪಕ್ಕ ಲಾಂಡ್ರಿಯ ಏಳೂ ಹೆಂಗಸರು ಮಣ್ಣು ಹಾಕಲು ಸಾಲಾಗಿ ನಿಂತಿದ್ದರು. ಬರಬಾರದಿತ್ತು. ಏಳು ಜನ ಎಂಬುದು ಲೆಸ್ಲಿಗೂ ಗೊತ್ತಿತ್ತು.

ಮೊದಲ ಹಿಡಿ ಮಗಳದ್ದು. ಅವಳು ಬ್ಯಾಗಿನಿಂದ ಪಟ್ಟಿ ತೆಗೆದು, ಅದರಲ್ಲೇ ಮಣ್ಣು ಸುತ್ತಿ ಗುಂಡಿಗೆ ಬಿಟ್ಟಳು.

"ಏಯ್, ಎಂತ ಮಾಡಿದ್ರಿ ನೀವು?"

"ನನ್ನ ಹೆಸರು ಬರ್ಕೊಳ್ಳಿ, ಲೆಸ್ಲಿ. ಸಾಕು."

ಲೆಸ್ಲಿಯ ಕಣ್ಣು ನಿಧಾನವಾಗಿ ಆ ಸಾಲಿನತ್ತ ಹೊರಳಿತು. ಮೊಬೈಲು ತೆಗೆದು ಎತ್ತಿ ಹಿಡಿದ.

ಲವಿನಾ ಎರಡು ಹೆಜ್ಜೆ ಮುಂದೆ ಬಂದು ಕ್ಯಾಮೆರಾಕ್ಕೆ ಅಡ್ಡ ನಿಂತಳು. ಅವನು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಪರದೆಯ ತುಂಬ ಅವಳ ಮುಖವೊಂದೇ. ಬೆನ್ನ ಹಿಂದೆ, ತಾಯಿಯ ಪೆಟ್ಟಿಗೆಯ ಮೇಲೆ, ಒಂದರ ನಂತರ ಒಂದು ಹಿಡಿ ಮಣ್ಣು ಬೀಳುತ್ತಿತ್ತು. ಅವಳು ಏಳರವರೆಗೆ ಎಣಿಸಿದಳು.