ಎಲ್ಲ ಪೆಟ್ಟಿಗೆಗೂ ಒಂದು ಚಿಮಟಿ ಭತ್ತ

ಸದಾಶಿವಗಡದ ಗೋದಾಮಿನಲ್ಲಿ ರಾಮನಾಥನಿಗೆ ಕೂತಲ್ಲಿ ಕೂರಲಾಗಲಿಲ್ಲ. ಟವೆಲ್ಲಿನಿಂದ ಗಾಳಿ ಹಾಕಿಕೊಂಡ, ರಸ್ತೆಗೆ ಹೋಗಿ ಇಣುಕಿದ, ಮತ್ತೆ ಬಂದ. ಅಂಕೋಲೆಯ ಅವನ ಕೇರಿಯ ಇಶಾಡು ಮಾವು ಮೊದಲ ಸಲ ಮಸ್ಕತ್ತಿಗೆ ಹೊರಟಿತ್ತು. ಗೋವೆಯಿಂದ ತಪಾಸಣೆಯ ಮೇಡಂ ಬಂದು, ಹಣ್ಣಿನಲ್ಲಿ ಹುಳವಿಲ್ಲ, ಪೆಟ್ಟಿಗೆಯಲ್ಲಿ ಎಲೆ, ಕಾಳು, ಮಣ್ಣು ಏನೂ ಇಲ್ಲ ಎಂದು ಸಹಿ ಹಾಕಿದರೆ ಲಾರಿ ಗೋವೆಯ ವಿಮಾನ ನಿಲ್ದಾಣದ ಹಾದಿ ಹಿಡಿಯುತ್ತದೆ. ಇಲ್ಲವಾದರೆ ಎಲ್ಲವೂ ವಾಪಸ್ಸು. "ಹಣ್ಣು ಕೊಡಿ, ನಾನಿದ್ದೇನೆ" ಎಂದು ಮನೆಮನೆಗೆ ಹೋಗಿ ಕೇಳಿದವನು ಅವನೇ. ವಾಪಸ್ಸು ಬಂದರೆ ಕೇರಿಯಲ್ಲಿ ಮುಖ ಎತ್ತುವುದು ಹೇಗೆ?

ಒಂದು ಪೆಟ್ಟಿಗೆಯ ಗಾಳಿತೂತಿನಿಂದ ಏನೋ ಉದುರಿತ್ತು. ಬಗ್ಗಿ ಹೆಕ್ಕಿದ. ಭತ್ತದ ಕಾಳು! ಹೆಂಡತಿಗೆ ಫೋನು ಹಚ್ಚಿದ.

"ಬೊಮ್ಮೀ, ಪೆಟ್ಟಿಗೆಗೆ ಎಂತ ಹಾಕಿದ್ಯೇ?"

"ಹಣ್ಣು. ಮತ್ತೆಂತ ಕಲ್ಲು ಹಾಕ್ತರಾ?"

"ಭತ್ತ ಹಾಕಿದ್ಯಾ ಅಂತ ಕೇಳ್ದೆ!"

"ಹಾಕ್ದೆ. ವರ್ಷದ ಮೊದಲ ಹಣ್ಣು ಬರಿದೇ ಮನೆ ದಾಟ್ಸೂದಾ? ಒಂದು ಚಿಮಟಿ ಭತ್ತ, ಒಂದು ಮಾವಿನ ಚಿಗುರು. ನಿಮ್ಮ ಅವ್ವಿ ಕಲ್ಸಿದ್ದೇ."

"ನಮ್ಮ ಪೆಟ್ಟಿಗೆಗೆ ಮಾತ್ರವಾ?"

"ಅದೆಂತ ಮಾತು! ಎಲ್ಲರದ್ದೂ ನಮ್ಮ ಅಂಗಳದಲ್ಲೇ ತುಂಬಿದ್ದು. ನಮ್ದಕ್ಕಷ್ಟೇ ಹಾಕಿ ನೆರೆಯವ್ರದ್ದು ಬಿಡೂದಾ? ಎಲ್ಲದಕ್ಕೂ ಹಾಕ್ದೆ."

ಬೈಯಲು ಹೊರಟವನಿಗೆ ಕೇರಿಯ ಸಭೆ ನೆನಪಾಯಿತು. ಪೆಟ್ಟಿಗೆಯಲ್ಲಿ ಏನೇನು ಇರಬಾರದು ಎಂದು ಅಲ್ಲಿ ಮೊದಲೇ ಹೇಳಿದ್ದರು. ಸಭೆಗೆ ಹೋದವರು ಗಂಡಸರು, ಪೆಟ್ಟಿಗೆ ತುಂಬಿದವರು ಹೆಂಗಸರು. ಮನೆಗೆ ಬಂದು ಹೆಂಡತಿಗೆ ಒಂದು ಮಾತು ಹೇಳಿದವನು ಒಬ್ಬನೂ ಇಲ್ಲ, ಅವನೂ ಸೇರಿ.

ಹಣ್ಣನ್ನು ಮಸ್ಕತ್ತಿಗೆ ಕಳಿಸುವ ವ್ಯಾಪಾರಿ ಸಂದೀಪ, ಕೋಡಿಬಾಗದವನು, ಪಕ್ಕದಲ್ಲೇ ನಿಂತು ಕೇಳುತ್ತಿದ್ದವನು ನಕ್ಕುಬಿಟ್ಟ. "ಅಷ್ಟೇನಾ ಮಾಮಾ? ಮೇಡಂ ಮೇಲಿನ ನಾಲ್ಕು ಬಿಚ್ಚಿ ನೋಡ್ತಾರೆ. ಅಷ್ಟು ಚೊಕ್ಕ ಮಾಡುವಾ."

"ಅಲ್ಲಿ ಬಿಚ್ಚಿದ್ರೆ?"

"ನೀವೆಂತ ಬೈಸ್ಕೊಳ್ಳೂಕೆ ಮಸ್ಕತ್ತಿಗೆ ಹೋಗ್ತ್ರಾ?"

ಅಷ್ಟರಲ್ಲಿ ಹೊರಗೆ ಜೀಪಿನ ಸದ್ದು. ಇಬ್ಬರೂ ಲಗುಬಗೆಯಿಂದ ಮೇಲಿನ ಪೆಟ್ಟಿಗೆಗಳ ಭತ್ತ ಕೊಡವಿದರು, ಚಿಗುರನ್ನು ರಾಮನಾಥ ಕಿಸೆಗೆ ತುರುಕಿದ.

ಪೂರ್ಣಿಮಾ ಮೇಡಂ ಸಂದೀಪ ತೋರಿಸಿದ ಪೆಟ್ಟಿಗೆಗಳನ್ನೇ ನೋಡಿದರು. ಹಣ್ಣಿನ ತೊಟ್ಟಿಗೆ ಭೂತಗನ್ನಡಿ ಹಿಡಿದರು, ಒಂದನ್ನು ಕೊಯ್ದು ವಾಟೆಯವರೆಗೂ ಪರೀಕ್ಷಿಸಿದರು. ಮೇಡಂ ಪೆನ್ನು ತೆಗೆದರು.

"ಚೊಕ್ಕಟವಾಗಿದೆ. ಹೋದ ವರ್ಷ ಒಂದೂರಿನವರು ಹುಲ್ಲು ಹಾಸಿ ಕಳಿಸಿದ್ದರು. ಮಸ್ಕತ್ತಿನವರು ಅಷ್ಟೂ ಸುಟ್ಟರು. ಈಗ ಆ ಊರಿನ ಹಣ್ಣು ಅಂದರೆ ಯಾರೂ ಮುಟ್ಟೋದಿಲ್ಲ."

"ನಿಲ್ಸಿ ಮೇಡಂ!"

ರಾಮನಾಥನ ಕೂಗಿಗೆ ಹೊರಗೆ ಮಲಗಿದ್ದ ಲಾರಿ ಡ್ರೈವರನೂ ಎದ್ದ.

"ಕೆಳಗಿನ ಎಲ್ಲಾ ಪೆಟ್ಟಿಗೆಯಲ್ಲೂ ಭತ್ತ ಇದೆ," ಎಂದು ಅವನು ಕಿಸೆಯ ಚಿಗುರನ್ನು ಮೇಜಿನ ಮೇಲೆ ಸುರಿದ. ಸಂದೀಪ ಹಣೆ ಚಚ್ಚಿಕೊಂಡ.

ಮೇಡಂ ಮುಖ ಕೆಂಪಾಯಿತು. "ನಾನು ಸಹಿ ಹಾಕಿಬಿಟ್ಟಿದ್ದರೆ?"

"ಹಾಕ್ಲಿಲ್ವಲ್ಲ!" ಎಂದು ಅವರಿಗೇ ರೇಗಿದ.

ಮೇಡಂ ಅವನನ್ನೇ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಾ ಇಳಿಸಿ, ನನ್ನ ಕಣ್ಣೆದುರೇ ಒಂದೊಂದೂ ಬಿಚ್ಚಿ. ಲಾರಿ ಹೊರಡುವ ಹೊತ್ತಿಗೆ ಎಷ್ಟು ಚೊಕ್ಕ ಆಗ್ತದೋ ಅಷ್ಟಕ್ಕೇ ಸಹಿ."

ಪೆಟ್ಟಿಗೆಗಳ ಮೇಲೆ ಹಣ್ಣು ಕೊಟ್ಟ ಮನೆಯವರ ಹೆಸರಿತ್ತು. ಸಂದೀಪ ಕೈಗೆ ಸಿಕ್ಕ ರಾಮನಾಥನ ಪೆಟ್ಟಿಗೆಯನ್ನೇ ಮೊದಲು ಎಳೆದ. ರಾಮನಾಥ ಅದನ್ನು ಕಸಿದು ಗೋಡೆಯ ಕಡೆ ದೂಡಿದ. "ಇದು ಕಡೆಗೆ. ಸೋಮುಂದು ತೆಗೆ. ಸುಗಂಧಕ್ಕಂದು ತೆಗೆ."

ಹಣ್ಣು ಎತ್ತಿದರು, ಒರೆಸಿದರು, ಕಾಳು ಹೆಕ್ಕಿದರು, ಮತ್ತೆ ತುಂಬಿದರು. ಸಂದೀಪನ ಬೈಗುಳ ಕೊಂಕಣಿಗೆ ತಿರುಗಿತು. ಡ್ರೈವರ್ ಹಾರ್ನು ಒತ್ತುತ್ತಲೇ ಇದ್ದ. ಕಡೆಗೆ ಮೇಡಂ ಎದ್ದು ಸಹಿ ಹಾಕಿದರು. ಲಾರಿ ಗೋವೆಯ ಕಡೆ ತಿರುಗಿತು. ಗೋಡೆಯ ಬದಿಯಲ್ಲಿ ರಾಮನಾಥನ ಪೆಟ್ಟಿಗೆಗಳು ಬಿಚ್ಚದೆ ಉಳಿದವು.

ಫೋನು ಬಡಿದುಕೊಂಡಿತು.

"ಹೋಯ್ತ್ರಾ?" ಬೊಮ್ಮಿ ಕೇಳಿದಳು.

"ನೆರೆಯವ್ರದ್ದು ಹೋಯ್ತು."

"ನಮ್ದು?"

"ಮನೆಗೆ ಬತ್ತದೆ. ಹುಲ್ಲು ಹಾಸಿಡು, ಅದ್ರಲ್ಲೇ ಹಣ್ಣಾಗ್ಲಿ."