ರಾಯಭಾರಿ ಸುಮ್ಮನೆ ಕೂತ ದಿನ

ಹೊಳೆನರಸೀಪುರದ ಸಂಸ್ಕೃತ ಮೇಷ್ಟ್ರ ಮಗಳು ಹಂಸ ಹಾಸನದ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದವರು. ಅರಕಲಗೂಡಿನ ಕಡೆ ತಂಬಾಕು ವಿಂಗಡಿಸುವ ಹೆಂಗಸರು ಕೂಲಿಗಾಗಿ ಮುಷ್ಕರ ಹೂಡಿದ್ದಾಗ ಸುದ್ದಿ ಬರೆಯಲು ಹೋಗಿದ್ದರು. ಅಲ್ಲೊಬ್ಬಳು ಕೇಳಿದಳು: "ನೀನು ಬರ್ಕಂಡು ಓಯ್ತೀಯ ಕಣವ್ವ. ನಾಳೀಕೆ ನಮ್ ಜೊತೆ ಯಾರು ನಿಂತ್ಕತಾರೆ?"

ಹಂಸ ನಿಂತರು. ಕೆಲಸ ಬಿಟ್ಟು ಕೆಂಬಾವುಟದ ಪಕ್ಷ ಸೇರಿದರು. ಎರಡು ಸಲ ಚುನಾವಣೆಯಲ್ಲಿ ಸೋತು, ಆಮೇಲೆ ಗೆದ್ದರು. ಮುಂದೆ ಪಕ್ಷದ ಬೆಂಬಲದಿಂದ ದೆಹಲಿಯಲ್ಲಿ ಸರ್ಕಾರ ಬಂದಾಗ ಆಫ್ರಿಕಾದ ಒಂದು ಸಣ್ಣ ದೇಶಕ್ಕೆ ರಾಯಭಾರಿಯಾದರು. ಅಲ್ಲಿ ನಮ್ಮ ದೇಶದ ಕೂಲಿಕಾರರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದ ಗುತ್ತಿಗೆದಾರನ ಬಾಗಿಲಲ್ಲಿ ಸಂಜೆಯವರೆಗೂ ನೆಲದ ಮೇಲೆ ಕೂತು, ಎಲ್ಲವನ್ನೂ ಬಿಡಿಸಿಕೊಂಡು ಎದ್ದರು. ರಾಯಭಾರಿಗೆ ಇದು ತರವಲ್ಲ ಎಂದು ದೆಹಲಿ ಗದರಿತು. ಕೂಲಿಕಾರರು ಮಾತ್ರ ಊರು ಸೇರಿದರು.

ಈಗ ಹಾಸನದಲ್ಲಿ ಗಂಡ ಜಯಂತ್ ಜೊತೆ ನೆಮ್ಮದಿಯಾಗಿದ್ದಾರೆ. ಮೊನ್ನೆ ಗಾರ್ಮೆಂಟ್ಸ್ ಯೂನಿಯನ್ನಿನ ರೂಪಶ್ರೀ ಬಂದಳು.

"ಅಕ್ಕ, ಚನ್ನರಾಯಪಟ್ಟಣದ ಕಡೆ ಹೆಣ್ಮಕ್ಳಿಗೆ ಫ್ಯಾಕ್ಟ್ರಿ ಬಸ್ ಬೇಕು. ಕೆಲ್ಸ ಬಿಟ್ಮೇಲೆ ಲಾರಿಗೆ ಕೈ ಅಡ್ಡ ಆಕ್ಕಂಡು ಬತ್ತಾವ್ರೆ. ನಾಳೆ ಮಾತುಕತೆ. ನೀವೇ ಮಾತಾಡ್ಬೇಕು."

"ಬರ್ತೀನಿ. ಮಾತು ನಿಂದು."

"ನಂಗೆ ಇಂಗ್ಲಿಷ್ ಬರಾಕಿಲ್ಲ ಕಣಕ್ಕ!"

"ಬಸ್ಸು ಕೇಳೋಕೆ ಇಂಗ್ಲಿಷ್ ಯಾಕಮ್ಮ?"

ಮರುದಿನ ಮ್ಯಾನೇಜರ್ ಮೋಹನ್‌ಕುಮಾರ್ ಎದ್ದು ನಿಂತು ಹಂಸ ಅವರಿಗೆ ಮುಂದಿನ ಕುರ್ಚಿ ತೋರಿಸಿದರು. ಅವರು ಅದರಲ್ಲಿ ರೂಪಶ್ರೀಯನ್ನು ಕೂರಿಸಿ, ತಾವು ಗೋಡೆಯ ಪಕ್ಕ ಕೂತರು. ರೂಪಶ್ರೀ ಬಸ್ಸಿನ ಬೇಡಿಕೆ ಮುಂದಿಟ್ಟಳು. ಮ್ಯಾನೇಜರ್ ಡೀಸೆಲ್ ಬೆಲೆಯ ಮಾತೆತ್ತಿ, ನೀವೇ ಇವಳನ್ನು ಒಪ್ಪಿಸಿ ಎನ್ನುವಂತೆ ಹಂಸ ಅವರತ್ತ ನೋಡಿದರು. ಹಂಸ ಕಾಫಿ ಕುಡಿಯುತ್ತಿದ್ದರು. ತಾವೇ ಬಾಯಿ ಹಾಕಬೇಕೆಂಬ ಆಸೆ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡರು.

ರೂಪಶ್ರೀ ಸೆರಗು ಬಿಗಿದು ಹೇಳಿದಳು: "ಸಾ, ನಿಮ್ ಮಗಳು ಕತ್ಲಾದ್ಮೇಲೆ ಲಾರೀಲಿ ಬಂದ್ರೆ ನೀವು ಸುಮ್ಕಿರ್ತೀರಾ? ನಮ್ಮಲ್ಲಿ ಎಷ್ಟೋ ಜನ ಇದಕ್ಕೇ ಕೆಲ್ಸ ಬಿಟ್ರು. ನಿಮ್ಗೂ ಮಿಷನ್ ಖಾಲಿ ಬಿದ್ದಾವೆ."

ಮೋಹನ್‌ಕುಮಾರ್ ಪೆನ್ನು ಕೆಳಗಿಟ್ಟರು. "ಸರಿ, ಸೋಮವಾರದಿಂದ ಬಸ್ ಬಿಡ್ತೀವಿ" ಎಂದರು.

ಹೊರಗೆ ಬಂದ ಮೇಲೆ ರೂಪಶ್ರೀ ಕೇಳಿದಳು: "ನೀವ್ಯಾಕಕ್ಕ ಒಂದು ಮಾತೂ ಆಡ್ಲಿಲ್ಲ?"

"ಆಡೋ ಹಾಗೆ ನೀನೆಲ್ಲಿ ಬಿಟ್ಟೆ?" ಎಂದು ಹಂಸ ನಕ್ಕರು. ಇಬ್ಬರೂ ಗೇಟಿನೆದುರಿನ ಗಾಡಿಯಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ತಿಂದರು. ಖಾರಕ್ಕೆ ಹಂಸ ಅವರ ಕಣ್ಣಲ್ಲಿ ನೀರು ಬಂತು. ಇನ್ನೊಂದು ಪ್ಲೇಟ್ ಹೇಳಿದರು.